ಮಾರಾಟ ನಿಂತ ಮೇಲೂ ಕೊಂಡ ಗೇಮ್ ಕೈಯಲ್ಲಿರಬೇಕಾದರೆ: ಒಂದು ಸಮಗ್ರ ಮಾರ್ಗದರ್ಶಿ

ಬೇಸಿಗೆ ರಜೆಗೆಂದು ದಾವಣಗೆರೆಗೆ ಬಂದಿದ್ದ ಅಕ್ಕನ ಮಗ, ನನ್ನ ಕಂಪ್ಯೂಟರಿನಲ್ಲಿದ್ದ ಕಾರ್ ರೇಸಿನ ಗೇಮೊಂದನ್ನು ತಾನೂ ಕೊಳ್ಳೋಣವೆಂದು ಸ್ಟೋರಿನಲ್ಲಿ ಹುಡುಕಿ, ಎಲ್ಲೂ ಸಿಗದೆ ನನ್ನತ್ತ ತಿರುಗಿ ಕೇಳಿದ: "ಮಾಮ, ಅವ್ರು ಮಾರೋದು ನಿಲ್ಸಿದ್ರೆ ನಮ್ಮತ್ರ ಇರೋದೂ ಹೋಗ್ತತೇನು?" ಪ್ರಶ್ನೆ ಚಿಕ್ಕದಾದರೂ ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಕೆಲವು ಗೇಮ್‌ಗಳು ಮಾರಾಟ ನಿಂತು ಎಷ್ಟು ವರ್ಷವಾದರೂ ನಮ್ಮ ಲೈಬ್ರರಿಯಲ್ಲೇ ಇರುತ್ತವೆ, ಕೆಲವು ಇದ್ದಂತೆ ಕಂಡರೂ ತೆರೆಯುವುದಿಲ್ಲ, ಇನ್ನು ಕೆಲವನ್ನು ಖಾತೆಯಿಂದಲೇ ಕಿತ್ತುಕೊಂಡ ಉದಾಹರಣೆಯೂ ಇದೆ. ಯಾವುದು ಯಾವ ಗುಂಪಿಗೆ ಸೇರುತ್ತದೆ ಎಂದು ತಿಳಿಯಲು ಮೂರು ಸಂಗತಿಗಳನ್ನು ನೋಡಬೇಕು: ಗೇಮಿನ ಫೈಲ್ ಎಲ್ಲಿದೆ, ಅದನ್ನು ಓಡಿಸಲು ಯಾರ ಅನುಮತಿ ಬೇಕು, ಓಡಿಸುವ ಯಂತ್ರ ಯಾವುದು. ಮುಂದೆ ಹೇಳುವ ಕೆಲಸಗಳೆಲ್ಲವೂ ಈ ಮೂರನ್ನೂ ಆದಷ್ಟು ನಮ್ಮ ಮನೆಯೊಳಗೆ ತಂದಿಟ್ಟುಕೊಳ್ಳುವ ಉಪಾಯಗಳೇ ಆಗಿವೆ.

ನಿಲ್ಲುವುದು ಏನು?

ಸ್ಟೋರಿನಿಂದ ಗೇಮ್ ಹೋಯಿತು ಎಂದು ಜನ ಹೇಳುವಾಗ ಮೂರು ಬೇರೆ ಬೇರೆ ಘಟನೆಗಳನ್ನು ಒಂದೇ ಮಾತಿನಲ್ಲಿ ಕಟ್ಟಿಬಿಡುತ್ತಾರೆ. ಮೊದಲನೆಯದು ಕೇವಲ ಮಾರಾಟ ನಿಲ್ಲುವುದು. ಗೇಮಿನೊಳಗಿನ ಹಾಡುಗಳು, ಕಾರಿನ ಕಂಪನಿಗಳ ಹೆಸರುಗಳು, ಸಿನಿಮಾ ಪಾತ್ರಗಳು ಇವೆಲ್ಲ ಇಂತಿಷ್ಟು ವರ್ಷಕ್ಕೆಂದು ಪಡೆದ ಪರವಾನಗಿಗಳಾಗಿದ್ದು, ಆ ಅವಧಿ ಮುಗಿದಾಗ ಹೊಸದಾಗಿ ಮಾರುವ ಹಕ್ಕು ಹೋಗುತ್ತದೆ. ಅಲನ್ ವೇಕ್ ಎಂಬ ಗೇಮ್ ಹಾಡುಗಳ ಪರವಾನಗಿ ಮುಗಿದುದರಿಂದ 2017ರ ಮೇ ತಿಂಗಳಲ್ಲಿ ಮಾರಾಟದಿಂದ ಹೋಗಿ, ಹೊಸ ಒಪ್ಪಂದವಾದ ಮೇಲೆ 2018ರ ಅಕ್ಟೋಬರಿನಲ್ಲಿ ಮರಳಿತು. ಫೋರ್ಜಾ ಹೊರೈಜನ್ 4ರ ಮಾರಾಟ 2024ರ ಡಿಸೆಂಬರ್ 15ಕ್ಕೆ ನಿಂತಿತು. ಇಂಥವುಗಳನ್ನು ಮೊದಲೇ ಕೊಂಡಿದ್ದವರು ಮತ್ತೆ ಡೌನ್‌ಲೋಡ್ ಮಾಡಿಕೊಳ್ಳಲು ಅಡ್ಡಿಯಿಲ್ಲ.

ಎರಡನೆಯದು ಇಡೀ ಸ್ಟೋರೇ ಮುಚ್ಚುವುದು. ಗೇಮ್ ಆಡಲೆಂದೇ ಮಾಡಿದ ಯಂತ್ರಗಳಾದ (ಕನ್ಸೋಲ್) ನಿಂಟೆಂಡೊ 3ಡಿಎಸ್ ಮತ್ತು ವೀ ಯು ಸ್ಟೋರುಗಳಲ್ಲಿ ಖರೀದಿ 2023ರ ಮಾರ್ಚ್ 27ಕ್ಕೆ, ಮೈಕ್ರೋಸಾಫ್ಟ್ ಕಂಪನಿಯ ಎಕ್ಸ್‌ಬಾಕ್ಸ್ 360ರ ಸ್ಟೋರಿನಲ್ಲಿ 2024ರ ಜುಲೈ 29ಕ್ಕೆ ಕೊನೆಗೊಂಡಿತು. ಕೊಂಡದ್ದನ್ನು ಮರಳಿ ಇಳಿಸಿಕೊಳ್ಳುವ ಬಾಗಿಲನ್ನು ಎರಡೂ ಕಂಪನಿಗಳು ತೆರೆದಿಟ್ಟವು. ಆದರೆ ಎಂದೆಂದಿಗೂ ತೆರೆದಿರುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ. ಪಿ.ಟಿ. ಎಂಬ ಉಚಿತ ಭಯಾನಕ ಗೇಮಿನ ವಿಷಯದಲ್ಲಿ 2015ರಲ್ಲಿ ಆ ಬಾಗಿಲನ್ನೂ ಮುಚ್ಚಿದ್ದರಿಂದ, ಪ್ಲೇಸ್ಟೇಷನ್ 4ರಲ್ಲಿ ಅದನ್ನು ಅಳಿಸದೆ ಉಳಿಸಿಕೊಂಡವರಿಗೆ ಮಾತ್ರ ಅದು ದಕ್ಕಿತು.

ಮೂರನೆಯದೇ ನಿಜವಾದ ನಷ್ಟ. ದಿ ಕ್ರೂ ಎಂಬ ರೇಸಿಂಗ್ ಗೇಮ್ ಒಬ್ಬರೇ ಆಡುವಾಗಲೂ ಕಂಪನಿಯ ಸರ್ವರನ್ನು ಬೇಡುತ್ತಿತ್ತು. 2023ರ ಡಿಸೆಂಬರಿನಲ್ಲಿ ಅದರ ಮಾರಾಟ ನಿಂತಿತು, 2024ರ ಮಾರ್ಚ್ 31ಕ್ಕೆ ಸರ್ವರ್ ಆರಿತು, ಅದಾದ ಕೆಲವೇ ದಿನಗಳಲ್ಲಿ ಕೊಂಡವರ ಖಾತೆಗಳಿಂದ ಪರವಾನಗಿಯೂ ರದ್ದಾಯಿತು. ಡಿಸ್ಕ್ ಕೊಂಡು ಕಪಾಟಿನಲ್ಲಿಟ್ಟವರಿಗೂ ಅದೇ ಗತಿಯಾಯಿತು. ನಾವು ಕೊಳ್ಳುವುದು ಗೇಮನ್ನಲ್ಲ, ಪರವಾನಗಿಯನ್ನು ಎಂಬ ಮಾತು ಒಪ್ಪಂದದ ಸಣ್ಣ ಅಕ್ಷರಗಳಲ್ಲಿ ಮೊದಲಿನಿಂದಲೂ ಇತ್ತು; ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಎದ್ದು ಕಾಣುವಂತೆ ಹೇಳಲೇಬೇಕೆಂಬ ಕಾನೂನು ಬಂದ ಮೇಲೆ, 2024ರ ಅಕ್ಟೋಬರಿನಿಂದ ಸ್ಟೀಮ್ ಎಂಬ ಕಂಪ್ಯೂಟರ್ ಗೇಮ್ ಸ್ಟೋರ್ ಹಣ ಕಟ್ಟುವ ಪುಟದಲ್ಲೇ ಅದನ್ನು ತೋರಿಸುತ್ತಿದೆ.

ಮೊದಲ ಕೆಲಸ: ವಹಿ ಬರೆಯುವುದು

ನಮ್ಮೂರಿನ ಮಂಡಿಪೇಟೆಯ ಹಳೆಯ ವರ್ತಕರು ಕಂಪ್ಯೂಟರ್ ಬಂದ ಮೇಲೂ ಕೆಂಪು ರಟ್ಟಿನ ವಹಿಯನ್ನು ಬಿಟ್ಟಿಲ್ಲ. ಈ ಕೆಲಸಕ್ಕೂ ಕಾಗದದ ವಹಿಯೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಡಿಸ್ಕ್ ಕೆಟ್ಟರೆ ಅದರಲ್ಲಿರುವ ಪಟ್ಟಿಯೂ ಕೆಡುತ್ತದೆ. ನಾಲ್ಕು ಕಾಲಂ ಎಳೆದರೆ ಸಾಕು: ಗೇಮಿನ ಹೆಸರು, ಕೊಂಡ ಸ್ಟೋರ್ ಮತ್ತು ಖಾತೆ, ನೆಟ್ ಇಲ್ಲದೆ ಓಡುತ್ತದೆಯೇ ಎಂಬುದು, ಕೊನೆಯ ಬಾರಿ ಪರೀಕ್ಷಿಸಿದ ತಾರೀಖು. ಎಪಿಕ್ ಸ್ಟೋರ್ 2018ರ ಕೊನೆಯಿಂದ ಉಚಿತವಾಗಿ ಹಂಚುತ್ತ ಬಂದಿರುವ ಗೇಮ್‌ಗಳನ್ನೆಲ್ಲ ಇದರಲ್ಲಿ ತುಂಬಲು ಹೋಗಬಾರದು. ಕಳೆದುಹೋದರೆ ನಿಜಕ್ಕೂ ಮನಸ್ಸಿಗೆ ನೋವಾಗುವ ಇಪ್ಪತ್ತು ಮೂವತ್ತು ಹೆಸರುಗಳಿಂದ ಆರಂಭಿಸಬೇಕು. ಜೊತೆಗೆ ಖರೀದಿಯ ಇಮೇಲ್ ರಸೀದಿ, ಯುಪಿಐ ವಹಿವಾಟಿನ ಸಂಖ್ಯೆ, ಗೇಮನ್ನು ಖಾತೆಗೆ ಸೇರಿಸುವ ಸಂಕೇತವನ್ನು (ಕೀ) ಕೊಂಡಿದ್ದರೆ ಆ ಕೀ ಇವುಗಳನ್ನು ಪಿಡಿಎಫ್ ಮಾಡಿ ಒಂದೆಡೆ ಇಡಬೇಕು, ಏಕೆಂದರೆ ಖಾತೆ ಕೈತಪ್ಪಿದಾಗ ಅದು ನಮ್ಮದೇ ಎಂದು ಸಾಬೀತುಪಡಿಸಲು ಸ್ಟೋರಿನವರು ಕೇಳುವುದು ಇಂಥ ಪುರಾವೆಗಳನ್ನೇ.

ಎರಡನೆಯ ಕೆಲಸ: ಖಾತೆಯನ್ನು ಭದ್ರಪಡಿಸುವುದು

ಸ್ಟೋರ್ ಮುಚ್ಚಿ ಗೇಮ್ ಕಳೆದುಕೊಂಡವರಿಗಿಂತ ಖಾತೆಯ ದಾರಿ ಮರೆತು ಕಳೆದುಕೊಂಡವರನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ನಮ್ಮೂರಿನ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು ಕಾಲೇಜು ಕೊಟ್ಟ ಇಮೇಲಿನಲ್ಲಿಯೇ ಗೇಮಿನ ಖಾತೆ ತೆರೆದು, ಓದು ಮುಗಿದ ಮೇಲೆ ಆ ಇಮೇಲ್ ನಿಂತುಹೋದಾಗ ಕೈ ಹಿಸುಕಿಕೊಳ್ಳುತ್ತಾರೆ. ಅದೇ ರೀತಿ ರೀಚಾರ್ಜ್ ಮಾಡದೆ ಬಿಟ್ಟ ಸಿಮ್ಮಿನ ಸಂಖ್ಯೆ ಕೆಲವು ತಿಂಗಳಲ್ಲಿ ಬೇರೆಯವರ ಪಾಲಾಗುತ್ತದೆ, ಒಟಿಪಿ ಅವರ ಮೊಬೈಲಿಗೆ ಹೋಗುತ್ತದೆ. ಆದ್ದರಿಂದ ಪ್ರತಿ ಖಾತೆಗೂ ಸ್ವಂತದ, ಶಾಶ್ವತವಾದ ಇಮೇಲ್ ಇದೆಯೇ, ಈಗ ಬಳಸುತ್ತಿರುವ ಮೊಬೈಲ್ ಸಂಖ್ಯೆಯೇ ನಮೂದಾಗಿದೆಯೇ ಎಂದು ಇಂದೇ ನೋಡಬೇಕು. ಎರಡು ಹಂತದ ಪರಿಶೀಲನೆಯನ್ನು ಹಾಕಿದಾಗ ಸಿಗುವ ರಿಕವರಿ ಕೋಡನ್ನು ಅದೇ ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದಿಡುವುದು ಬೀಗದ ಕೈಯನ್ನು ಬೀರುವಿನೊಳಗೇ ಇಟ್ಟು ಬಾಗಿಲು ಹಾಕಿಕೊಂಡಂತೆ. ಅದನ್ನು ವಹಿಯ ಕೊನೆಯ ಪುಟದಲ್ಲಿ ಬರೆದಿಡಬೇಕು.

ಮೂರನೆಯ ಕೆಲಸ: ಇನ್‌ಸ್ಟಾಲರ್ ಸಿಗುವಲ್ಲಿ ಅದನ್ನು ಇಳಿಸಿಕೊಳ್ಳುವುದು

ಎಲ್ಲಕ್ಕಿಂತ ನೆಮ್ಮದಿಯ ದಾರಿ ಇದು. 2008ರಲ್ಲಿ ಆರಂಭವಾದ ಜಿಒಜಿ ಸ್ಟೋರ್ ತಾನು ಮಾರುವ ಗೇಮ್‌ಗಳನ್ನು ಅನುಮತಿ ಕೇಳುವ ಬೀಗವಿಲ್ಲದೆ ಕೊಡುತ್ತದೆ. ಖಾತೆಯ ಪುಟದಲ್ಲಿ ಗೇಮಿನ ಚಿತ್ರವನ್ನು ಒತ್ತಿದರೆ ಆಫ್‌ಲೈನ್ ಬ್ಯಾಕಪ್ ಇನ್‌ಸ್ಟಾಲರ್ ಎಂಬ, ಗೇಮನ್ನು ಕಂಪ್ಯೂಟರಿಗೆ ಹಾಕುವ ಫೈಲ್‌ಗಳ ಭಾಗ ಕಾಣುತ್ತದೆ. ಅಲ್ಲಿ ಒಂದು ಸೆಟಪ್ ಫೈಲ್, ಗೇಮ್ ದೊಡ್ಡದಿದ್ದರೆ ಅದರ ಜೊತೆಗೆ ಬಿನ್ ಎಂದು ಕೊನೆಗೊಳ್ಳುವ ಹಲವು ಫೈಲ್‌ಗಳು ಇರುತ್ತವೆ. ಇವೆಲ್ಲವೂ ಒಂದೇ ಫೋಲ್ಡರಿನಲ್ಲಿ, ಹೆಸರು ಬದಲಾಗದೆ ಇರಬೇಕು. ಮುಖ್ಯ ಗೇಮಿಗೆ ಆಮೇಲೆ ಸೇರುವ ಹೆಚ್ಚುವರಿ ಭಾಗಗಳಾದ ಡಿಎಲ್‌ಸಿಗಳಿಗೆ ಪ್ರತ್ಯೇಕ ಇನ್‌ಸ್ಟಾಲರ್ ಇರುವುದರಿಂದ ಮುಖ್ಯ ಗೇಮ್ ಮಾತ್ರ ಇಳಿಸಿಕೊಂಡು ಎಲ್ಲ ಆಯಿತು ಎಂದು ಎದ್ದುಬಿಡಬಾರದು.

ಇಳಿಸಿದ್ದನ್ನು ಪರೀಕ್ಷಿಸದೆ ಎತ್ತಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. 2019ರ ಬೇಸಿಗೆಯಲ್ಲಿ, ಚಿಕ್ಕ ತಂಡವೊಂದು ತನ್ನದೇ ಜಾಲತಾಣದಲ್ಲಿ ಮಾರುತ್ತಿದ್ದ ಗೇಮ್ ಕೊಂಡು, ಅದರ ಮೂರು ಭಾಗಗಳನ್ನು ಡೌನ್‌ಲೋಡಿಗೆ ಹಚ್ಚಿ ಬೆಣ್ಣೆ ದೋಸೆ ತಿನ್ನಲು ಹೋದೆ. ನಾನಿಲ್ಲದಾಗ ಕರೆಂಟ್ ಹೋಗಿ ಬಂದಿತ್ತು. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಓಡುತ್ತಲೇ ಇದ್ದು, ರೌಟರ್ ಮಾತ್ರ ಆರಿ ಹೊತ್ತಿಕೊಂಡಿದ್ದರಿಂದ ನನಗೆ ಏನೂ ಗೊತ್ತಾಗಲಿಲ್ಲ. ಫೋಲ್ಡರಿನಲ್ಲಿ ಮೂರು ಹೆಸರು ಕಂಡವು, ಡಿಸ್ಕಿಗೆ ಹಾಕಿ ಮರೆತೆ. ಎರಡು ವರ್ಷದ ಮೇಲೆ ಇನ್‌ಸ್ಟಾಲ್ ಮಾಡಲು ಕುಳಿತಾಗ ಅರ್ಧಕ್ಕೆ ನಿಂತಿತು. ನೋಡಿದರೆ ಒಂದನೆಯ ಭಾಗ 4 ಜಿಬಿಗೆ ಸಮೀಪವಿತ್ತು, ಎರಡನೆಯದು 1.3 ಜಿಬಿಗೇ ತುಂಡಾಗಿತ್ತು. ಆ ತಂಡದ ವಿಳಾಸವನ್ನು ತೆರೆದರೆ ಡೊಮೇನ್ ಮಾರಾಟಕ್ಕಿದೆ ಎಂಬ ಫಲಕ ಕಂಡಿತು. ಆ ಗೇಮ್ ಇಂದಿಗೂ ನನ್ನ ವಹಿಯಲ್ಲಿ ಕೆಂಪು ಶಾಯಿಯಲ್ಲಿದೆ.

ಅಂದಿನಿಂದ ನಾನು ಅನುಸರಿಸುವ ಕ್ರಮ ಹೀಗಿದೆ. ರೌಟರಿಗೆ ಚಿಕ್ಕ ಯುಪಿಎಸ್ ಹಾಕಿ, ದೊಡ್ಡ ಡೌನ್‌ಲೋಡನ್ನು ರಾತ್ರಿಗೆ ಇಟ್ಟುಕೊಳ್ಳುತ್ತೇನೆ. ಮುಗಿದ ಮೇಲೆ ಪ್ರತಿ ಫೈಲಿನ ಗಾತ್ರವನ್ನು ಸ್ಟೋರ್ ತೋರಿಸುವ ಗಾತ್ರದೊಡನೆ ಹೋಲಿಸುತ್ತೇನೆ. ನಂತರ ಆ ಪ್ರತಿಯಿಂದಲೇ ಒಮ್ಮೆ ಪೂರ್ತಿ ಇನ್‌ಸ್ಟಾಲ್ ಮಾಡಿ, ಗೇಮ್ ಶುರುವಾದದ್ದನ್ನು ಕಣ್ಣಾರೆ ಕಂಡ ಮೇಲೆ, 7-ಜಿಪ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡಿದ್ದರೆ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿದಾಗ ಸಿಗುವ ಎಸ್‌ಎಚ್‌ಎ-256 ಆಯ್ಕೆಯನ್ನು ಒತ್ತಿ, ಬಂದ ಉದ್ದನೆಯ ಸಂಕೇತವನ್ನು ಅದೇ ಫೋಲ್ಡರಿನಲ್ಲಿ ಪಠ್ಯ ಫೈಲಾಗಿ ಉಳಿಸುತ್ತೇನೆ. ಮುಂದೆ ಎಂದಾದರೂ ಅದೇ ಲೆಕ್ಕ ಹಾಕಿದಾಗ ಒಂದು ಅಕ್ಷರ ಬೇರೆ ಬಂದರೂ ಫೈಲ್ ಕೆಟ್ಟಿದೆ ಎಂದು ತಿಳಿಯುತ್ತದೆ.

ನಾಲ್ಕನೆಯ ಕೆಲಸ: ಸ್ಟೀಮಿನಂಥ ಕಡೆ ಪ್ರತಿ ಮಾಡುವುದು

ಸ್ಟೀಮಿನಲ್ಲಿ ಪ್ರತ್ಯೇಕ ಇನ್‌ಸ್ಟಾಲರ್ ಸಿಗುವುದಿಲ್ಲ. ಗೇಮಿನ ಪ್ರಾಪರ್ಟೀಸ್‌ನಲ್ಲಿ ಬ್ಯಾಕಪ್ ಆಯ್ಕೆ ಇದೆಯಾದರೂ, ಹಾಗೆ ಮಾಡಿದ ಪ್ರತಿಯನ್ನು ಮರಳಿ ತುಂಬಲು ಸ್ಟೀಮ್ ಮತ್ತು ಖಾತೆ ಎರಡೂ ಬೇಕು. ಅದಕ್ಕಿಂತ ನೇರವಾದ ಕ್ರಮವೆಂದರೆ ಸ್ಟೀಮ್‌ಆ್ಯಪ್ಸ್ ಫೋಲ್ಡರನ್ನು ತೆರೆದು, ಅದರೊಳಗಿನ ಕಾಮನ್ ಫೋಲ್ಡರಿನಲ್ಲಿರುವ ಗೇಮಿನ ಹೆಸರಿನ ಫೋಲ್ಡರನ್ನು ಇಡಿಯಾಗಿ ನಕಲು ಮಾಡುವುದು, ಅದರ ಜೊತೆಗೆ ಕಾಮನ್ ಫೋಲ್ಡರಿನ ಹೊರಗೆ ಆ್ಯಪ್‌ಮ್ಯಾನಿಫೆಸ್ಟ್ ಎಂದು ಆರಂಭವಾಗಿ ಗೇಮಿನ ಸಂಖ್ಯೆಯನ್ನು ಹೊತ್ತಿರುವ ಎಸಿಎಫ್ ಫೈಲನ್ನೂ ಮರೆಯದೆ ತೆಗೆದುಕೊಳ್ಳುವುದು. ಕೆಲವೇ ಕೆಬಿಯ ಆ ಪುಟ್ಟ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಗೇಮಿನ ಹೆಸರು, ಗಾತ್ರ, ಯಾವ ಆವೃತ್ತಿ ಎಂಬುದೆಲ್ಲ ಸಾಲುಸಾಲಾಗಿ ಕಾಣುತ್ತದೆ. ಎರಡನ್ನೂ ಹೊಸ ಕಂಪ್ಯೂಟರಿನಲ್ಲಿ ಅದೇ ಜಾಗದಲ್ಲಿಟ್ಟು ಸ್ಟೀಮ್ ಶುರು ಮಾಡಿದರೆ, ಗೇಮ್ ಈಗಾಗಲೇ ಇದೆ ಎಂದು ಅದು ಗುರುತಿಸುತ್ತದೆ.

ಸ್ಟೀಮಿನಲ್ಲಿ ಮಾರುವ ಎಲ್ಲ ಗೇಮ್‌ಗಳಿಗೂ ಬೀಗವಿರುವುದಿಲ್ಲ ಎಂಬುದು ಹಲವರಿಗೆ ತಿಳಿದಿಲ್ಲ. ಕೆಲವು ಗೇಮ್‌ಗಳು ಸ್ಟೀಮ್ ಮುಚ್ಚಿದ್ದರೂ ಫೋಲ್ಡರಿನೊಳಗಿರುವ, ಗೇಮನ್ನು ಶುರು ಮಾಡುವ ಇಎಕ್ಸ್‌ಇ ಫೈಲನ್ನು ಒತ್ತಿದರೆ ಸುಮ್ಮನೆ ತೆರೆದುಕೊಳ್ಳುತ್ತವೆ. ಯಾವುವು ಎಂಬ ಪಟ್ಟಿ ಪಿಸಿ ಗೇಮಿಂಗ್ ವಿಕಿಯಲ್ಲಿದೆ. ನಾನು ಮಾತ್ರ ಪಟ್ಟಿಗಿಂತ ಕೇಬಲನ್ನೇ ನಂಬುವವನು. ನೆಟ್ ಕೇಬಲನ್ನು ಕಿತ್ತು, ವೈಫೈ ಆರಿಸಿ, ಕಂಪ್ಯೂಟರನ್ನು ಮರುಚಾಲನೆ ಮಾಡಿ, ಸ್ಟೀಮ್ ತೆರೆಯದೆಯೇ ಇಎಕ್ಸ್‌ಇ ಒತ್ತಿ ನೋಡಬೇಕು. ಓಡಿದರೆ ಅದು ಮೊದಲ ದರ್ಜೆ. ಓಡದಿದ್ದರೆ, ನೆಟ್ ಇದ್ದಾಗ ಒಮ್ಮೆ ಗೇಮನ್ನು ತೆರೆದು ಮುಚ್ಚಿ, ಸ್ಟೀಮ್ ಮೆನುವಿನಲ್ಲಿ ಗೋ ಆಫ್‌ಲೈನ್ ಒತ್ತಿ, ಮತ್ತೆ ಕೇಬಲ್ ಕಿತ್ತು ಪ್ರಯತ್ನಿಸಬೇಕು. ಆಗ ಓಡಿದರೆ ಎರಡನೆಯ ದರ್ಜೆ. ಡೆನುವೊದಂಥ ಬೀಗವಿರುವ ಗೇಮ್‌ಗಳು ಇಂದು ಆಫ್‌ಲೈನಿನಲ್ಲಿ ಓಡಿದರೂ ಹೊಸ ಯಂತ್ರದಲ್ಲಿ ಮತ್ತೆ ಅನುಮತಿ ಕೇಳುವುದರಿಂದ ಅವನ್ನೂ ಎರಡನೆಯ ದರ್ಜೆಯಲ್ಲೇ ಇಡುವುದು ಸರಿ. ಯಾವ ರೀತಿಯಲ್ಲೂ ಓಡದವು ಮೂರನೆಯ ದರ್ಜೆ, ಅವುಗಳ ಮಾತು ಮುಂದೆ ಬರುತ್ತದೆ.

ಅಪ್‌ಡೇಟ್ ಕುರಿತು ಒಂದು ಎಚ್ಚರಿಕೆ ಅಗತ್ಯ. ಜಿಟಿಎ 4 ಬಿಡುಗಡೆಯಾದ ಹತ್ತು ವರ್ಷಕ್ಕೆ, 2018ರ ಏಪ್ರಿಲಿನಲ್ಲಿ, ಪರವಾನಗಿ ಮುಗಿದ ಹಾಡುಗಳನ್ನು ಗೇಮಿನೊಳಗಿನ ರೇಡಿಯೊದಿಂದ ಅಪ್‌ಡೇಟ್ ಮೂಲಕವೇ ತೆಗೆಯಲಾಯಿತು. ಕೊಂಡವರ ಕಂಪ್ಯೂಟರಿನಲ್ಲಿದ್ದ ಗೇಮ್ ಕೊಂಡಾಗ ಇದ್ದಂತೆ ಉಳಿಯಲಿಲ್ಲ. ಆದ್ದರಿಂದ ನಕಲು ಮಾಡಿದ ತಾರೀಖನ್ನು ಫೋಲ್ಡರಿನ ಹೆಸರಿನಲ್ಲೇ ಸೇರಿಸಿ, ಹೊಸ ಪ್ರತಿ ಬಂದಾಗ ಹಳೆಯದನ್ನು ಅಳಿಸದೆ ಜೊತೆಗಿಡುವುದು ಲೇಸು.

ಕನ್ಸೋಲ್ ಮತ್ತು ಮೊಬೈಲ್

ಕನ್ಸೋಲಿನಲ್ಲಿ ನಮ್ಮ ಕೈಯಲ್ಲಿರುವುದು ಕಡಿಮೆ. ಫೈಲ್, ಅನುಮತಿ, ಯಂತ್ರ ಮೂರೂ ಒಂದೇ ಪೆಟ್ಟಿಗೆಗೆ ಅಂಟಿಕೊಂಡಿರುವುದರಿಂದ, ಸ್ಟೋರ್ ಮುಚ್ಚಿರುವ ಅಥವಾ ಮುಚ್ಚುವ ಹಂತದಲ್ಲಿರುವ ಹಳೆಯ ಕನ್ಸೋಲಿನಲ್ಲಿ ಬೇಕಾದ ಗೇಮ್‌ಗಳನ್ನೆಲ್ಲ ಇಂದೇ ಇಳಿಸಿ ಇನ್‌ಸ್ಟಾಲ್ ಮಾಡಿಟ್ಟುಕೊಳ್ಳಬೇಕು, ಜಾಗ ಸಾಲದಿದ್ದರೆ ಆ ಕನ್ಸೋಲ್ ಒಪ್ಪುವ ದೊಡ್ಡ ಡಿಸ್ಕನ್ನು ಹಾಕಿಕೊಳ್ಳಬೇಕು. ಪ್ಲೇಸ್ಟೇಷನ್ 3 ಮತ್ತು ವೀಟಾ ಸ್ಟೋರುಗಳನ್ನು ಮುಚ್ಚುವುದಾಗಿ ಸೋನಿ 2021ರ ಮಾರ್ಚಿನಲ್ಲಿ ಘೋಷಿಸಿ, ಆಟಗಾರರ ವಿರೋಧಕ್ಕೆ ಮಣಿದು ಮುಂದಿನ ತಿಂಗಳೇ ಹಿಂತೆಗೆದುಕೊಂಡಿತು. ಆ ಔದಾರ್ಯ ಎಷ್ಟು ದಿನ ಎಂದು ಕಾಯುತ್ತ ಕೂರುವುದು ಜಾಣತನವಲ್ಲ. ಪ್ಲೇಸ್ಟೇಷನ್ 4ರಲ್ಲಿ ಪ್ರೈಮರಿ, ಎಕ್ಸ್‌ಬಾಕ್ಸಿನಲ್ಲಿ ಹೋಮ್ ಎಂದು ಮನೆಯ ಯಂತ್ರವನ್ನು ಗುರುತಿಸಿದರೆ ನೆಟ್ ಇಲ್ಲದಿದ್ದರೂ ಡಿಜಿಟಲ್ ಗೇಮ್‌ಗಳು ಓಡುತ್ತವೆ. ಹಳೆಯ ಕನ್ಸೋಲ್ ಮಾರುವ ಯೋಚನೆ ಇದ್ದವರು ಅದರೊಳಗಿನ ಖರೀದಿಗಳನ್ನೂ ಲೆಕ್ಕ ಹಾಕಿ ಬೆಲೆ ಕಟ್ಟಲಿ.

ಮೊಬೈಲಿನ ವಿಷಯದಲ್ಲಿ ನನಗೆ ಹೆಚ್ಚು ಭರವಸೆಯಿಲ್ಲ. 2017ರಲ್ಲಿ ಐಫೋನಿನ ಐಒಎಸ್ 11 ಬಂದಾಗ 32 ಬಿಟ್‌ನ ಹಳೆಯ ಆ್ಯಪ್‌ಗಳೆಲ್ಲ ಒಂದೇ ಅಪ್‌ಡೇಟಿಗೆ ನಿಂತುಹೋದವು. ಪ್ರೀತಿಯ ಗೇಮ್ ಇರುವ ಹಳೆಯ ಫೋನನ್ನು ಅಪ್‌ಡೇಟ್ ಮಾಡದೆ, ಗೇಮನ್ನು ಅಳಿಸದೆ, ಎಕ್ಸ್‌ಚೇಂಜಿಗೆ ಕೊಡದೆ ಎತ್ತಿಡುವುದಷ್ಟೇ ಇಲ್ಲಿ ನಂಬಬಹುದಾದ ಉಪಾಯ.

ಐದನೆಯ ಕೆಲಸ: ಗೇಮಿನ ಜೊತೆಗೆ ಬೇಕಾದವುಗಳು

ಗೇಮ್ ಉಳಿದು, ಆಟ ಎಲ್ಲಿಯವರೆಗೆ ಬಂದಿದೆ ಎಂದು ದಾಖಲಿಸುವ ಸೇವ್ ಫೈಲ್ ಹೋದರೆ ನೂರು ಗಂಟೆಯ ಆಟ ಹೋದಂತೆ. ಸೇವ್‌ಗಳು ಗೇಮಿನ ಫೋಲ್ಡರಿನಲ್ಲಿ ಇರುವುದಕ್ಕಿಂತ ಡಾಕ್ಯುಮೆಂಟ್ಸ್ ಒಳಗಿನ ಮೈ ಗೇಮ್ಸ್, ಸೇವ್ಡ್ ಗೇಮ್ಸ್, ಅಥವಾ ಸಾಮಾನ್ಯವಾಗಿ ಕಣ್ಣಿಗೆ ಬೀಳದ ಆ್ಯಪ್‌ಡೇಟಾ ಫೋಲ್ಡರಿನಲ್ಲಿ ಇರುವುದೇ ಹೆಚ್ಚು. ಲುಡುಸಾವಿ ಎಂಬ ಮುಕ್ತ ತಂತ್ರಾಂಶ ಇವನ್ನೆಲ್ಲ ತಾನೇ ಹುಡುಕಿ ಒಂದೆಡೆ ನಕಲು ಮಾಡುತ್ತದೆ. ಇದಲ್ಲದೆ ವಿಂಡೋಸಿನ ಸಹಾಯಕ ತಂತ್ರಾಂಶಗಳಾದ ವಿಷುಯಲ್ ಸಿ++ ರನ್‌ಟೈಮ್, ಡೈರೆಕ್ಟ್‌ಎಕ್ಸ್‌ನ ಹಳೆಯ ಫೈಲ್‌ಗಳು ಇಲ್ಲದೆ ಹಳೆಯ ಗೇಮ್‌ಗಳು ತೆರೆಯುವುದಿಲ್ಲವಾದ್ದರಿಂದ ಅವುಗಳ ಇನ್‌ಸ್ಟಾಲರ್‌ಗಳನ್ನೂ ಇಟ್ಟುಕೊಳ್ಳಬೇಕು.

ಯಂತ್ರವೂ ಇದರಲ್ಲಿ ಸೇರುತ್ತದೆ. 2024ರ ಜನವರಿ 1ರಿಂದ ಸ್ಟೀಮ್ ವಿಂಡೋಸ್ 7 ಮತ್ತು 8ಕ್ಕೆ ಬೆಂಬಲ ನಿಲ್ಲಿಸಿತು; ಇತ್ತ ಸೇಫ್‌ಡಿಸ್ಕ್ ಬೀಗವಿರುವ ಹಳೆಯ ಸಿ.ಡಿ. ಗೇಮ್‌ಗಳು ವಿಂಡೋಸ್ 10ರಲ್ಲಿ ಓಡುವುದಿಲ್ಲ. ಹೊಸ ಸ್ಟೀಮಿಗೆ ಹಳೆಯ ವಿಂಡೋಸ್ ಆಗದು, ಹಳೆಯ ಗೇಮಿಗೆ ಹೊಸ ವಿಂಡೋಸ್ ಆಗದು ಎಂಬ ಈ ಇಕ್ಕಟ್ಟಿನಲ್ಲಿ, ಗುಜರಿಗೆ ಹೋಗಬೇಕಿದ್ದ ಹಳೆಯ ಕಂಪ್ಯೂಟರೊಂದನ್ನು ನೆಟ್ ಸಂಪರ್ಕವಿಲ್ಲದೆ ಅಟ್ಟದ ಮೇಲಿಟ್ಟುಕೊಂಡವನಿಗೆ ಮಾತ್ರ ಎರಡೂ ದಕ್ಕುತ್ತವೆ.

ಆರನೆಯ ಕೆಲಸ: ಡಿಸ್ಕ್ ಮತ್ತು ಅದರ ತಪಾಸಣೆ

ಒಂದೇ ಪ್ರತಿ ಇದ್ದರೆ ಪ್ರತಿಯೇ ಇಲ್ಲವೆಂದು ತಿಳಿಯಬೇಕು. ನನ್ನ ಹತ್ತಿರ ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗಳಿವೆ: ಒಂದು ವಿದ್ಯಾನಗರದ ಮನೆಯಲ್ಲಿ, ಇನ್ನೊಂದು ಜಗಳೂರಿನ ಅಕ್ಕನ ಮನೆಯಲ್ಲಿ. ತಿಂಗಳುಗಟ್ಟಲೆ ಕರೆಂಟ್ ಕಾಣದೆ ಬಿದ್ದಿರುವ ಸಂಗ್ರಹಕ್ಕೆ ಎಸ್‌ಎಸ್‌ಡಿ ಮತ್ತು ಪೆನ್ ಡ್ರೈವ್ ತಕ್ಕವಲ್ಲ, ಅವು ಬಹುಕಾಲ ವಿದ್ಯುತ್ ಇಲ್ಲದಿದ್ದರೆ ಒಳಗಿನ ಮಾಹಿತಿಯನ್ನು ಕಳೆದುಕೊಳ್ಳಬಹುದು. ಡಿಸ್ಕನ್ನು ಫ್ಯಾಟ್ 32 ರೂಪದಲ್ಲಿ ಫಾರ್ಮ್ಯಾಟ್ ಮಾಡಿದ್ದರೆ 4 ಜಿಬಿ ಮೀರಿದ ಫೈಲ್ ಅದರಲ್ಲಿ ಕೂರುವುದಿಲ್ಲ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಇರಬೇಕು.

ನಮ್ಮ ಸೀಮೆಯ ಹಳ್ಳಿಗಳಲ್ಲಿ ಜೋಳವನ್ನು ನೆಲದಡಿಯ ಹಗೇವಿನಲ್ಲಿ ತುಂಬಿಡುತ್ತಿದ್ದವರಿಗೆ, ಮುಚ್ಚಿದ ಕಾಳು ಚೆನ್ನಾಗಿದೆಯೇ ಎಂಬುದು ತೆರೆಯುವವರೆಗೂ ಗೊತ್ತಾಗುತ್ತಿರಲಿಲ್ಲ. ಡಿಸ್ಕಿಗೆ ಆ ಸ್ಥಿತಿ ಬರಬೇಕಿಲ್ಲ, ವರ್ಷಕ್ಕೊಮ್ಮೆ ತೆರೆದು ನೋಡಿದರಾಯಿತು. ನಾನು ಇದಕ್ಕೆ ಆಯುಧ ಪೂಜೆಯನ್ನು ಆರಿಸಿಕೊಂಡಿದ್ದೇನೆ. ಹೇಗೂ ಕಂಪ್ಯೂಟರ್ ಒರೆಸಿ ಕುಂಕುಮ ಹಚ್ಚುವ ದಿನ. ಅಕ್ಕ ಹಬ್ಬಕ್ಕೆ ಬರುವಾಗ ಆ ಡಿಸ್ಕನ್ನೂ ತರುತ್ತಾಳೆ. ಹಿಂದಿನ ದಿನವೇ ಎರಡನ್ನೂ ಜೋಡಿಸಿ, ಎಸ್‌ಎಚ್‌ಎ ಸಂಕೇತಗಳನ್ನು ಹೋಲಿಸಿ, ಐದಾರು ಗೇಮ್‌ಗಳನ್ನು ತೆರೆದು ನೋಡುತ್ತೇನೆ. ಒಂದು ಪ್ರತಿ ಕೆಟ್ಟಿದ್ದರೆ ಇನ್ನೊಂದರಿಂದ ತುಂಬಿಕೊಳ್ಳಲು ಇದೇ ಸಮಯ.

ಕಾನೂನಿನ ಗೆರೆ

ಭಾರತದ ಕೃತಿಸ್ವಾಮ್ಯ ಕಾಯ್ದೆ, 1957ರ 52(1)(ಎಎ) ಕಲಮು, ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವನು ಅದು ಕಳೆದು ಅಥವಾ ಕೆಟ್ಟುಹೋಗದಂತೆ ತಾತ್ಕಾಲಿಕ ರಕ್ಷಣೆಗಾಗಿ ಬ್ಯಾಕಪ್ ಮಾಡಿಕೊಳ್ಳುವುದನ್ನು ಉಲ್ಲಂಘನೆಯೆಂದು ಎಣಿಸುವುದಿಲ್ಲ. ಅದೇ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು, ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ರಕ್ಷಣೆಯ ಬೀಗವನ್ನು ಒಡೆಯುವುದನ್ನು ಎರಡು ವರ್ಷದವರೆಗೆ ಶಿಕ್ಷೆಯಾಗಬಲ್ಲ ಅಪರಾಧವೆನ್ನುತ್ತದೆ. ನನ್ನ ಪ್ರತಿ ನನಗೆ ಮಾತ್ರ, ಗೆಳೆಯರ ಪೆನ್ ಡ್ರೈವಿಗೆ ಅಲ್ಲ ಎಂಬುದನ್ನು ನಾನು ಪಾಲಿಸುತ್ತೇನೆ. ಬೀಗ ಒಡೆಯಲೆಂದು ಕ್ರ್ಯಾಕ್ ಎಂಬ ಹೆಸರಿನಲ್ಲಿ ನೆಟ್ಟಿನಲ್ಲಿ ಸಿಗುವ ಫೈಲ್‌ಗಳಿಂದ ದೂರವಿರಲು ಕಾನೂನಿಗಿಂತ ದೊಡ್ಡ ಕಾರಣ ಅವುಗಳೊಳಗೆ ಅಡಗಿ ಬರುವ ವೈರಸ್.

ಮೂರನೆಯ ದರ್ಜೆಯ ಗೇಮ್‌ಗಳು

ಸರ್ವರ್ ಇಲ್ಲದೆ ಓಡದ ಗೇಮಿಗೆ ಮನೆಯಲ್ಲಿ ಕುಳಿತು ಮಾಡಬಹುದಾದ ರಕ್ಷಣೆಯೇ ಇಲ್ಲ. ದಿ ಕ್ರೂ ಪ್ರಕರಣದ ನಂತರ ಯೂಟ್ಯೂಬರ್ ರಾಸ್ ಸ್ಕಾಟ್ ಆರಂಭಿಸಿದ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಚಳವಳಿ, ಬೆಂಬಲ ನಿಲ್ಲಿಸುವಾಗ ಗೇಮನ್ನು ಆಡಬಹುದಾದ ಸ್ಥಿತಿಯಲ್ಲಿ ಬಿಟ್ಟುಹೋಗಬೇಕೆಂದು ಕೇಳುತ್ತಿದ್ದು, ಯುರೋಪಿನಲ್ಲಿ ಅದರ ಮನವಿಗೆ 2025ರ ಜುಲೈನಲ್ಲಿ 10 ಲಕ್ಷ ಸಹಿ ದಾಟಿತು. ಅದರ ಫಲ ನಮ್ಮವರೆಗೆ ಬರುವ ತನಕ, ಕೊಳ್ಳುವ ಮುನ್ನ ಸ್ಟೋರಿನ ಪುಟದಲ್ಲಿ ನಿರಂತರ ನೆಟ್ ಬೇಕು, ಬೇರೆ ಕಂಪನಿಯ ಖಾತೆ ಬೇಕು, ಇಂಥ ಬೀಗವಿದೆ ಎಂಬ ಸೂಚನೆಗಳನ್ನು ಓದಿ, ಇಂಥ ಗೇಮಿಗೆ ಸಿನಿಮಾ ಟಿಕೆಟ್ಟಿಗೆ ಕೊಡುವಷ್ಟೇ ಮನಸ್ಸಿನಿಂದ ಹಣ ಕೊಡುವುದು ನನ್ನ ಪದ್ಧತಿ. ಅದೇ ಗೇಮ್ ಬೀಗವಿಲ್ಲದ ಸ್ಟೋರಿನಲ್ಲೂ ಇದ್ದರೆ ನೂರಿನ್ನೂರು ರೂಪಾಯಿ ಹೆಚ್ಚಾದರೂ ಅಲ್ಲಿಯೇ ಕೊಳ್ಳುತ್ತೇನೆ.

ಮಾರಾಟ ನಿಲ್ಲುವ ಸುದ್ದಿ ಬಂದಾಗ

ಗೇಮ್ ನಿಲ್ಲುವ ತಾರೀಖನ್ನು ಕಂಪನಿಗಳು ಕೆಲವು ವಾರ ಅಥವಾ ತಿಂಗಳು ಮುಂಚೆ ಹೇಳುವುದುಂಟು; ಆದರೆ ಡಿಎಲ್‌ಸಿ ಅದಕ್ಕಿಂತ ಮೊದಲೇ ಹೋಗಬಹುದು. ಫೋರ್ಜಾ ಹೊರೈಜನ್ 4ರ ಡಿಎಲ್‌ಸಿಗಳ ಮಾರಾಟ 2024ರ ಜೂನ್ 25ಕ್ಕೇ ನಿಂತು, ಮುಖ್ಯ ಗೇಮ್ ಡಿಸೆಂಬರಿನವರೆಗೆ ಉಳಿದಿತ್ತು. ಹಾಗಾಗಿ ಸುದ್ದಿ ಓದಿದ ದಿನವೇ ಮೊದಲು ಡಿಎಲ್‌ಸಿಗಳ ಕಡೆ ನೋಡಬೇಕು. ಉಚಿತವಾದವುಗಳನ್ನೂ ಖಾತೆಗೆ ಸೇರಿಸಿಕೊಳ್ಳಬೇಕು, ಹಲವು ಡಿಎಲ್‌ಸಿಗಳನ್ನು ಒಟ್ಟಿಗೆ ಕೊಡುವ ಸೀಸನ್ ಪಾಸ್ ಇದ್ದರೆ ಅದರೊಳಗಿನ ಭಾಗಗಳೆಲ್ಲ ನಿಜವಾಗಿ ಇನ್‌ಸ್ಟಾಲ್ ಆಗಿವೆಯೇ ಎಂದು ಒಂದೊಂದಾಗಿ ಎಣಿಸಬೇಕು, ಎಂದೋ ಕೊಂಡು ಬಳಸದೆ ಬಿಟ್ಟ ಕೀ ಇದ್ದರೆ ಅಂದೇ ಹಾಕಿಬಿಡಬೇಕು. ಕೊನೆಯ ಅಪ್‌ಡೇಟ್ ಬರುವವರೆಗೆ ಕಾದು, ಅದು ಬಂದ ಮೇಲೆ ಮತ್ತೊಮ್ಮೆ ಪ್ರತಿ ಮಾಡಿ, ಎರಡೂ ಡಿಸ್ಕ್‌ಗಳಿಗೆ ಹಾಕಿ, ಕೇಬಲ್ ಕಿತ್ತು, ಗೇಮನ್ನು ಮೆನುವಿನವರೆಗಲ್ಲ, ಒಂದು ಹಂತ ಆಡುವವರೆಗೂ ಓಡಿಸಿ ನೋಡಿ, ವಹಿಯ ನಾಲ್ಕನೆಯ ಕಾಲಂನಲ್ಲಿ ಆ ದಿನದ ತಾರೀಖು ಬರೆಯಬೇಕು.